ಅಕ್ಕ ಕಟ್ಟಿದ ಭಾಷೆ

ನಮ್ಮಕ್ಕ ಪುಟ್ಟಲಕ್ಷ್ಮಿ ಕೆಂಗೇರಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಕೆಲವು ವರ್ಷಗಳ ಹಿಂದೆ ಅವಳ ವಿದ್ಯಾರ್ಥಿಗಳು ರಕ್ತನಿಧಿಗಳ ವೆಬ್‌ಸೈಟುಗಳನ್ನೆಲ್ಲ ಜಾಲಾಡಿ, ಬೇಕಾದ ಗುಂಪಿನ ರಕ್ತ ಎಲ್ಲಿದೆಯೆಂದು ಹೇಳುವ ತಂತ್ರಾಂಶ ಮಾಡಿದ್ದರು. ಒಂದು ರಕ್ತನಿಧಿ ತನ್ನ ಪುಟದ ವಿನ್ಯಾಸ ಬದಲಿಸಿದ್ದೇ ತಡ, ಇಡೀ ತಂತ್ರಾಂಶ ಮೂಕವಾಯಿತು. ಅದನ್ನೇ ನಂಬಿದ್ದ ಒಂದು ಮನೆಯವರು ಅವತ್ತು ಆಟೊ ಹಿಡಿದು ಊರೆಲ್ಲ ಅಲೆದರು.

ಅಕ್ಕ ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನೇ ಕಟ್ಟಲು ಕೂತಳು. ಅದರಲ್ಲಿ ಪ್ರೋಗ್ರಾಮ್ ಎಂದರೆ ತಂತಮ್ಮ ಹೊಣೆ ಹೊತ್ತ, ಏಜೆಂಟ್‌ಗಳೆಂಬ ಪುಟ್ಟ ತಂತ್ರಾಂಶಗಳ ತಂಡ. ಪ್ರತಿಯೊಂದು ಏಜೆಂಟಿನ ಕೆಲಸವೇನು ಎಂಬುದರ ಜೊತೆಗೆ, ಆ ಕೆಲಸ ಆಗದಿದ್ದರೆ ಅದು ಏನು ಮಾಡಬೇಕು ಎಂಬುದನ್ನೂ ಬರೆಯಬೇಕು. ಬರೆಯದಿದ್ದರೆ ಪ್ರೋಗ್ರಾಮ್ ಓಡುವುದೇ ಇಲ್ಲ.

"ಇದಕ್ಕೆ ಹೊಸ ಭಾಷೆ ಯಾಕಮ್ಮ? ಇರೋ ಭಾಷೇಲೇ ಒಂದು ಲೈಬ್ರರಿ, ಬೇಕಾದಾಗ ಸೇರಿಸ್ಕೊಳ್ಳೋ ರೆಡಿಮೇಡ್ ಕೋಡು, ಬರೀಬಹುದಲ್ಲ?" ಎಂದರು ವಿಭಾಗದ ಮುಖ್ಯಸ್ಥ ಶ್ಯಾಮಸುಂದರ.

"ಲೈಬ್ರರಿ ಬಳಸೋದನ್ನ ಮರೀಬಹುದು ಸಾರ್. ಕೆಲಸ ಆಗ್ದಿದ್ರೆ ಏನ್ಮಾಡ್ಬೇಕು ಅಂತ ಭಾಷೇನೇ ಕೇಳಿದ್ರೆ ಯಾರೂ ತಪ್ಪಿಸ್ಕೊಳಕ್ಕಾಗಲ್ಲ."

ಮೊದಲ ಆವೃತ್ತಿ ನಗೆಪಾಟಲಾಯಿತು. ಏಜೆಂಟ್‌ಗಳು ಕೆಲಸವನ್ನು ಒಂದಕ್ಕೊಂದು ದಾಟಿಸುತ್ತಲೇ ಇದ್ದವು. ಮಾಡುವವರು ಯಾರೂ ಇಲ್ಲ. "ಥೇಟ್ ನಮ್ ಸ್ಟಾಫ್ ರೂಮು" ಎಂದರು ಶ್ಯಾಮಸುಂದರ. ಅಕ್ಕನೂ ನಕ್ಕಳು. ಆಮೇಲೆ ನಿಯಮ ಬಿಗಿ ಮಾಡಿದಳು: ದಾಟಿಸಿದ ಕೆಲಸ ಬಂದ ದಾರಿಯಲ್ಲೇ ಮರಳಕೂಡದು; ಯಾರಿಂದಲೂ ಆಗದಿದ್ದರೆ ಮನುಷ್ಯರಿಗೆ ತಿಳಿಸಲೇಬೇಕು.

ರಕ್ತದ ತಂತ್ರಾಂಶವನ್ನು ಆ ಭಾಷೆಯಲ್ಲಿ ಮತ್ತೆ ಬರೆದರು. ಕಳೆದ ವರ್ಷ ಒಂದು ಮಧ್ಯಾಹ್ನ ರಾಜಾಜಿನಗರದ ಆಸ್ಪತ್ರೆಯಿಂದ ಬಾಣಂತಿಯೊಬ್ಬಳಿಗೆ ಓ ನೆಗೆಟಿವ್ ಬೇಕೆಂಬ ಕೋರಿಕೆ ಬಂತು. ರಕ್ತನಿಧಿಗಳ ಪುಟಗಳು ತೆರೆಯುತ್ತಿರಲಿಲ್ಲ. ಅವನ್ನು ನೋಡಿಕೊಳ್ಳುತ್ತಿದ್ದ ಏಜೆಂಟ್‌ಗಳು ತಮ್ಮಿಂದಾಗದೆಂದು ತಿಳಿಸಿದವು. ಆ ಕೆಲಸವನ್ನು ಇನ್ನೊಂದು ವಹಿಸಿಕೊಂಡು ನಂದಿನಿ ಲೇಔಟಿನ ದಾನಿಗಳ ಸಂಘಕ್ಕೆ ಸಂದೇಶ ಕಳಿಸಿತು. ಅಲ್ಲಿಂದ ಸುಘೋಷ್ ಎಂಬ ದಾನಿ ಬೈಕ್ ಹತ್ತಿ ಹೊರಟ. ಬಾಣಂತಿ ಉಳಿದಳು.

ಇದೆಲ್ಲ ನಡೆಯುವಾಗ ಅಕ್ಕ ಕ್ಲಾಸಿನಲ್ಲಿದ್ದಳು. ಶ್ಯಾಮಸುಂದರ ಬಾಗಿಲಲ್ಲಿ ನಿಂತು, ಮಕ್ಕಳೆದುರಿಗೇ ವಿಷಯ ಹೇಳಿ, "ಮುಂದಿನ ಸೆಮಿಸ್ಟರಿಂದ ಈ ಭಾಷೆ ಪಾಠ ನಾನೂ ಮಾಡ್ತೀನಿ, ಮೊದ್ಲು ನಂಗೆ ಹೇಳ್ಕೊಡಿ" ಎಂದರು. ಅಕ್ಕ ಅಲ್ಲೇ ಮೊದಲ ಬೆಂಚಿನಲ್ಲಿ ಅವರಿಗೆ ಜಾಗ ಮಾಡಿಸಿದಳಂತೆ.

ಸುಂಕದಕಟ್ಟೆಯಲ್ಲಿ ನಮ್ಮಪ್ಪ ಮುನಿಯಪ್ಪನ ಪೇಂಟ್ ಅಂಗಡಿ ಇದೆ. ಬಂದವರಿಗೆಲ್ಲ ಅಪ್ಪ ಈಗ ಹೇಳುವುದು ಒಂದೇ: "ನಮ್ ದೊಡ್ಡ ಮಗಳು ಒಂದು ಭಾಷೆ ಕಟ್ಟವ್ಳೆ."

"ಯಾರು ಮಾತಾಡ್ತಾರಣ್ಣ ಅದನ್ನ?"

"ಕಂಪ್ಯೂಟರ್‌ಗಳು. ಕೈಲಾಗ್ದಿದ್ರೆ ಆಗಲ್ಲ ಅಂತ ನಿಜ ಹೇಳ್ತವೆ."

ಮೊನ್ನೆ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಸಾಕು ಬಿಡಪ್ಪ ಎಂದು ಹೊಗಳಿಕೆ ತಡೆಯಲಿಲ್ಲ. ಕಾಫಿ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡಳು.