ಮನೆ ನಂಬರ್ ಸೊನ್ನೆ

ಬರದ ವರ್ಷ. ಟ್ಯಾಂಕರ್ ನೀರಿನ ಪಟ್ಟಿ ಮಾಡುವ ಕಂಪ್ಯೂಟರ್ ಕೆಟ್ಟಿದೆ ಅಂತ ನನ್ನನ್ನು ಭಾಲ್ಕಿಯ ಒಂದು ಕಚೇರಿಗೆ ಕರೆಸಿದ್ದರು. ಕೆಟ್ಟಿರಲಿಲ್ಲ. ಮೆಹಕರ ಹಳ್ಳಿಯ ಶಾಂತಾಬಾಯಿಯ ಹೆಸರು ಹಾಕಿದಾಗೆಲ್ಲ ‘ಫಾರಿನ್ ಕೀ ಎರರ್’ ಅನ್ನುತ್ತಿತ್ತು, ಅಷ್ಟೆ. ಮನೆಗಳ ಪಟ್ಟಿಯಲ್ಲಿ ಇಲ್ಲದ ಮನೆಯವರನ್ನು ನೀರಿನ ಪಟ್ಟಿಗೆ ಅದು ಸೇರಿಸುವುದಿಲ್ಲ. ಶಾಂತಾಬಾಯಿಯ ಮನೆಯವರು ದುಡಿಯಲು ಹೈದರಾಬಾದಿಗೆ ಹೋದಾಗ ಸರ್ವೇಯವರು ಬೀಗ ನೋಡಿ ಮನೆಯನ್ನೇ ತೆಗೆದುಹಾಕಿದ್ದರು.

“ಮನಿ ಅಲ್ಲೇ ಅದರಿ ಸಾಹೇಬ್ರ, ಮುಂಜಾನಿ ಅದರಾಗಿಂದೇ ಎದ್ದು ಬಂದೀನಿ,” ಅಂದಳು ಕಚೇರಿಗೇ ಬಂದು ನಿಂತಿದ್ದ ಶಾಂತಾಬಾಯಿ.

“ಮನಿ ವಾಪಸ್ ಸೇರಸ್ರಿ,” ಅಂದೆ ಗುಮಾಸ್ತರಿಗೆ.

“ಅದಕ್ಕ ಬೀದರದಿಂದ ಹುಕುಂ ಬರಬೇಕ್ರಿ ಸರ. ನೀವು ಎರರ್ ಒಂದು ಬರಲಾರದಂಗ ಮಾಡ್ರಿ, ಸಾಕು.”

ನಾನೂ ಜಾಣ. ‘ಮನೆ ನಂಬರ್ ಸೊನ್ನೆ’ ಅಂತ ಇಲ್ಲದ ಮನೆಯೊಂದನ್ನು ಹುಟ್ಟಿಸಿ, ಶಾಂತಾಬಾಯಿಯಂತೆ ಪಟ್ಟಿಯಲ್ಲಿ ಮನೆಯಿಲ್ಲದವರನ್ನೆಲ್ಲ ಅದರೊಳಗೆ ತುಂಬಿದೆ. ಎರರ್ ಹೋಯಿತು, ಚಹಾ ಬಂತು.

ಮರುದಿನವೂ ನಾನು ಅಲ್ಲೇ ಇದ್ದೆ. ಟ್ಯಾಂಕರ್ ಡ್ರೈವರ್ ಕಚೇರಿಗೆ ಫೋನ್ ಮಾಡಿದ: “ಸೊನ್ನಿ ನಂಬರ್ ಮನಿ ಎಲ್ಲದರಿ? ಅರ್ಧ ನೀರು ಆ ಮನಿಗೇ ಬರ್ದದ. ಊರೆಲ್ಲ ತಿರುಗಿ ವಾಪಸ್ ಬಂದೀನಿ.”

ಮಧ್ಯಾಹ್ನ ಶಾಂತಾಬಾಯಿ ಬಂದು ಖಾಲಿ ಕೊಡವನ್ನು ನನ್ನ ಮುಂದಿನ ಟೇಬಲ್ ಮೇಲೆ ಕುಕ್ಕಿದಳು. ಕಚೇರಿಯಲ್ಲಿ ತಕರಾರಿಲ್ಲದೆ ಕೂತಿದ್ದದ್ದು ಕಂಪ್ಯೂಟರ್ ಒಂದೇ.