ಕೈಯೆತ್ತಿ ಆರಿಸಿದ ಬಿಷಪ್

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಆ ಭಾನುವಾರ ಬಸ್ಸಿಗೆ ಕಾಯುತ್ತಿದ್ದಾಗ ಚೌರಪ್ಪ ಮದುವೆ ಗಂಡಿನ ಹಾಗೆ ಮಿಂಚುತ್ತಿದ್ದ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಲೇತಿನವನು, ಯೂನಿಯನ್ ಕಾರ್ಯದರ್ಶಿ. ಅವನು ಕ್ಯಾಥೊಲಿಕ್; ಅವರಿಗೆ ಆಗ ಬಿಷಪ್ ಇರಲಿಲ್ಲ. ಹಳಬರು ನಿವೃತ್ತರಾಗಿ ಕುರ್ಚಿ ಖಾಲಿ ಬಿದ್ದಿತ್ತು. ಹಿಂದಿನ ವಾರ ಪೂಜೆ ಮುಗಿದ ಮೇಲೆ ಇವನು ಚರ್ಚಿನ ಅಂಗಳದಲ್ಲಿ, ನಾವು ಕ್ಯಾಂಟೀನ್ ಕಮಿಟಿ ಆರಿಸುವ ಹಾಗೆಯೇ, ಜನರ ಕೈ ಎತ್ತಿಸಿಬಿಟ್ಟಿದ್ದ. ಅಷ್ಟೂ ಕೈ ಎದ್ದದ್ದು ಅವರ ಪಾದ್ರಿ ಇನ್ನಾಸಪ್ಪ ಸ್ವಾಮಿಗಳಿಗೆ. ಅದನ್ನೇ ಬಿಷಪ್ಪರ ಕಚೇರಿಗೆ ಹೇಳಿಬರಲು ಈಗ ನಾವು ಹೊರಟಿದ್ದೆವು. ಸ್ವಾಮಿಗಳಿಗೆ ಮಾತ್ರ ಸುದ್ದಿಯಿಲ್ಲ. ಕೈಯೆತ್ತುವ ಹೊತ್ತಿಗೆ ರೋಗಿಯೊಬ್ಬರನ್ನು ನೋಡಲು ಕೆ.ಆರ್. ಪುರದ ಕಡೆ ಸೈಕಲ್ ತುಳಿದಿದ್ದರು; ಆಮೇಲೂ ಯಾರೂ ಹೇಳಿರಲಿಲ್ಲ.

ಬಸ್ಸು ಇಂದಿರಾನಗರದ ಖಾಲಿ ಸೈಟುಗಳನ್ನು ದಾಟಿತು. ಬಿಸಿಲಿಗೆ ಕಿಟಕಿಯ ಸರಳು ಕೂಡ ಕಾದಿತ್ತು.

"ನಮ್ ಮಕ್ಕಳಿಗೆ ಹೆಸರಿಡೋರು, ನಮ್ ಹೆಣ ಹೂಳೋರು ಸ್ವಾಮಿಗಳೇ, ಗುರು. ಮೇಲೆ ಯಾರು ಕೂತ್ಕೋಬೇಕು ಅಂತ ನಾವು ಹೇಳ್ಬಾರ್ದಾ?" ಎಂದ ಚೌರಪ್ಪ.

"ಬೋನಸ್ಸೂ ಕೇಳ್ತೀಯಾ?" ಎಂದು ಛೇಡಿಸಿದೆ. ಹಲಸೂರು ಕೆರೆ ಬರುವವರೆಗೂ ನಕ್ಕೆವು.

ಶಿವಾಜಿನಗರದಲ್ಲಿ ಇಳಿದು ಖಾರ ಬನ್ನು ತಿಂದೆವು. ಸ್ವಾಮಿಗಳಿಗೆಂದು ಚೌರಪ್ಪ ಒಂದು ಪೊಟ್ಟಣ ಕಟ್ಟಿಸಿಕೊಂಡ. ಅಲ್ಲಿಂದ ಬಿಷಪ್ಪರ ಕಚೇರಿಗೆ ನಡೆದೇ ಹೋದೆವು. ಕಚೇರಿ ನೋಡಿಕೊಳ್ಳುತ್ತಿದ್ದ ಮುದಿ ಪಾದ್ರಿ ನಮಗೆ ನೀರು ಕೊಡಿಸಿ, ಚೌರಪ್ಪ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಂಥ ಕೆಲಸ ಮಾಡಿದ್ರಪ್ಪಾ" ಎಂದರು. "ಬಿಷಪ್ ಯಾರಾಗ್ಬೇಕು ಅಂತ ಮೇಲಿನೋರು ಒಬ್ಬೊಬ್ಬರನ್ನೇ ಗುಟ್ಟಾಗಿ ಕೇಳ್ತಾರೆ. ಕೇಳಿಸ್ಕೊಂಡೋರು ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ. ಹೆಸರು ರೋಮಿನಿಂದ ಬರುತ್ತೆ. ಜನ ಯಾರಿಗೋಸ್ಕರ ಗುಂಪು ಕಟ್ತಾರೋ, ಅವರೇ ಕಟ್ಟಿಸಿದ್ರು ಅಂತ ಅನುಮಾನ ಬರುತ್ತೆ. ಆ ಹೆಸರು ಪಕ್ಕಕ್ಕೆ ಹೋದ ಹಾಗೇ."

"ಅವರಿಗೆ ಗೊತ್ತೇ ಇಲ್ಲ ಸ್ವಾಮಿ."

"ಯಾರು ನಂಬ್ತಾರೆ? ನಾನೇನೋ ಕಿವಿ ಮುಚ್ಕೋಬಹುದು. ಒಂದು ಅಂಗಳಾನೇ ಕೈಯೆತ್ತಿದ್ದನ್ನ ಮುಚ್ಚಿಡಕ್ಕಾಗುತ್ತಾ?" ಕನ್ನಡಕ ಮತ್ತೆ ಹಾಕಿಕೊಂಡು, "ಹಿಂದಿನ ಕಾಲದಲ್ಲಿ ಜನಾನೇ ಕೂಗಿ ಆರಿಸ್ತಿದ್ರು. ಅದೆಲ್ಲ ಹೋಯ್ತು" ಎಂದರು.

ನಾನು ಅವರ ಮತದವನಲ್ಲ, ನನಗೇನಾಗಬೇಕು? ಆದರೂ ಆ ಮಾತು ಚುಚ್ಚಿತು. ಜನರಿಗೆ ಬೇಕಾದವರು ಎನ್ನುವುದೇ ಒಬ್ಬ ಮನುಷ್ಯನ ಮೇಲಿನ ದೂರು ಆಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸ್ವಾಮಿಗಳಿಗೆ ಆಗದವರು ಚಾಡಿ ಹೇಳಿದ್ದರೂ ಇಷ್ಟು ಕೆಡುತ್ತಿರಲಿಲ್ಲವೇನೋ.

ವಾಪಸು ಬಸ್ಸಿನಲ್ಲಿ ಚೌರಪ್ಪ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಲಸೂರು ದಾಟುವಾಗ ಒಮ್ಮೆ, "ನಾನೇ ಕೆಡಿಸ್ಬಿಟ್ನಲ್ಲೋ" ಎಂದ.

ತಿಪ್ಪಸಂದ್ರದಲ್ಲಿ ಇಳಿದರೆ ಎದುರಿಗೇ ಇನ್ನಾಸಪ್ಪ ಸ್ವಾಮಿಗಳು. ಕಳಚಿದ್ದ ಸೈಕಲ್ ಚೈನು ಹಾಕಿ, ಮಸಿಯಾದ ಬೆರಳನ್ನು ಚಿಂದಿಯಿಂದ ಒರೆಸಿಕೊಳ್ಳುತ್ತಿದ್ದರು.

"ಬಿಸಿಲಲ್ಲಿ ಎಲ್ಲಿ ಸುತ್ತಾಡ್ತಿದ್ದೀರಪ್ಪಾ?"

ಚೌರಪ್ಪ ತಲೆ ಎತ್ತದೆ ಪೊಟ್ಟಣ ಮುಂದೆ ಹಿಡಿದ. ಸ್ವಾಮಿಗಳು ಅದನ್ನು ಮೂಸಿ, ಖುಷಿಯಾಗಿ ಹ್ಯಾಂಡಲಿಗೆ ಸಿಕ್ಕಿಸಿದರು.

"ಹೊಸ ಬಿಷಪ್ಪರು ಬರೋ ಹೊತ್ತು, ಮನೇಲಿ ಎಲ್ಲರೂ ಪ್ರಾರ್ಥನೆ ಮಾಡಿ" ಎಂದರು.

"ಎಂಥೋರು ಬರ್ಲಿ ಅಂತ ಕೇಳ್ಕೊಳ್ಳೋಣ ಸ್ವಾಮಿ?" ಎಂದು ಕೇಳಿದ ಚೌರಪ್ಪ.

"ಜನರ ಮಾತು ಕೇಳೋರು" ಎಂದು ಹೇಳಿ ಸೈಕಲ್ ಹತ್ತಿದರು.

ಮನೆಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಚೌರಪ್ಪ ಬಿಸಿಲಿನಲ್ಲಿ ಇನ್ನೂ ಅಲ್ಲೇ ನಿಂತಿದ್ದ.