ಪೂಜೆಯ ತಟ್ಟೆಯಲ್ಲಿಟ್ಟ ವಾಚು

ಕೊಣನೂರಿನಾಚೆ ನನ್ನ ಅತ್ತೆಯ ಜಮೀನಿನಲ್ಲಿ, ಕೊಳವೆಬಾವಿಯ ಪೂರ್ವಕ್ಕೆ, ಪೈಪು ಜೋಡಿಸಿಟ್ಟಿದ್ದ ಜಾಗದಲ್ಲಿ ನಾನು ನಿಂತಿದ್ದೆ. ಕಳೆದ ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ. ಪೈಪುಗಳಿನ್ನೂ ಬಿಸಿಲಿಗೆ ಕಾದಿರಲಿಲ್ಲ.

ಮೋಟಾರು ಎತ್ತುವಾಗ ಬಾವಿಯೊಳಗೆ ಒಂದು ಸ್ಪ್ಯಾನರು ಬಿದ್ದಿತ್ತು. ಅದನ್ನು ಎತ್ತಲು ಅರಕಲಗೂಡಿನ ಮೆಕ್ಯಾನಿಕ್ ಮುಷ್ಟಿ ಗಾತ್ರದ ಅಯಸ್ಕಾಂತವೊಂದನ್ನು ಹಗ್ಗಕ್ಕೆ ಕಟ್ಟಿ ತಂದಿದ್ದ. ಹಗ್ಗ ಹಿಡಿಯಲು ಪಕ್ಕದ ಜಮೀನಿನ ಹಿರಿಯರು ಬಂದಿದ್ದರು. ಹಗ್ಗ ಉಜ್ಜೀತೆಂದು ನಾನು ವಾಚು ಬಿಚ್ಚಿದೆ.

ಅದು ನನ್ನ ಹೆಂಡತಿಯ ಸ್ಮಾರ್ಟ್‌ವಾಚು. ಅವಳು ತೀರಿಕೊಂಡ ಮೇಲೆ ನಾನು ಕಟ್ಟುತ್ತಿದ್ದೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ತನ್ನ ನೆನಪಿಗೆಂದು ಅವಳು ಅದರಲ್ಲಿ ಒಂದು ಮಾತು ಹೇಳಿಟ್ಟುಕೊಂಡಿದ್ದಳು: "ಅಮ್ಮನ ಮಂಡಿ ಎಣ್ಣೆ ತರದು ಮರೀಬಾರ್ದು. ಮರೆತ್ರೆ ಮುಖ ಊದಿಸ್ಕಂಡು ಕೂತ್ಕತ್ತಳೆ." ಕೊನೆಯಲ್ಲಿ ಒಂದು ನಗು. ಅವಳ ಫೋನು ಆಸ್ಪತ್ರೆಯಲ್ಲಿ ಕಳೆದುಹೋಗಿತ್ತು. ಅವಳ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ನಾನು ಹೋದಾಗಲೆಲ್ಲ ಅತ್ತೆ ಅದನ್ನು ಹಾಕಿಸಿ ಕೇಳುತ್ತಿದ್ದರು. ಕೇಳಿದಾಗಲೆಲ್ಲ "ನಾನ್ಯಾವತ್ತವ್ವ ಮುಖ ಊದಿಸ್ದೆ?" ಎಂದು ವಾಚಿಗೇ ಉತ್ತರ ಕೊಡುತ್ತಿದ್ದರು.

ನಮ್ಮ ಕಡೆ ಕೊಳವೆಬಾವಿಗೆ ಏನು ಇಳಿಸಿದರೂ ಮೊದಲು ಪೂಜೆ ಆಗಬೇಕು. ಅತ್ತೆ ಹಿತ್ತಾಳೆ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಹೂವು ತಂದಿದ್ದರು. "ಮಣ್ಣಲ್ಲಿ ಇಡ್ಬ್ಯಾಡಪ್ಪ, ತಟ್ಟೇಲಿಡು," ಎಂದರು. ಇಟ್ಟೆ. ಮೆಕ್ಯಾನಿಕ್ಕನೂ ಕುಂಕುಮ ಹಚ್ಚಿಸಲು ಅಯಸ್ಕಾಂತವನ್ನು ಅದೇ ತಟ್ಟೆಗಿಟ್ಟ. ವಾಚು ಹೂವಿನ ಮೇಲಿಂದ ಜಾರಿ ಹೋಗಿ ಟಕ್ಕೆಂದು ಅಂಟಿಕೊಂಡಿತು.

"ಇದೇನ್ಲಾ, ನಿನ್ ಮ್ಯಾಗ್ನೆಟ್ಟು ವಾಚ್ನೇ ಕಟ್ಕಂಡ್ಬುಡ್ತು," ಎಂದು ಹಿರಿಯರು ನಕ್ಕರು. ನಾವೂ ನಕ್ಕೆವು.

ಕಿತ್ತು ನೋಡಿದೆ. ವಾಚಿನ ತೆರೆಯ ಮೇಲಿನ ದಿಕ್ಸೂಚಿಯ ಮುಳ್ಳು ಪಶ್ಚಿಮವನ್ನೇ ಉತ್ತರವೆಂದು ತೋರಿಸುತ್ತಿತ್ತು. ಅವಳ ಮಾತು ಹಾಕಿದೆ. ಕಂಬಳಿಯೊಳಗಿಂದ ಬಂದಂತೆ ಬಂತು. ನಗು ಕೇಳಲೇ ಇಲ್ಲ.

ಮೆಕ್ಯಾನಿಕ್ಕನ ಮುಖ ಸಣ್ಣದಾಯಿತು. "ಕೊಡಿ ಸಾ, ನಾನ್ ನೋಡ್ತೀನಿ. ನನ್ನಿಂದಾಗಿದ್ದು," ಎಂದ. ಆರಿಸಿ ಹಚ್ಚಿದ. ದಿಕ್ಸೂಚಿ ಸರಿಹೋಗಲೆಂದು ಕೈಯಲ್ಲಿ ಹಿಡಿದು ಗಾಳಿಯಲ್ಲಿ ಎಂಟರ ಆಕಾರ ಬರೆದ. ಮುಳ್ಳು ತುಸು ಅಲುಗಿತು, ಅಷ್ಟೇ. "ಒಂದ್ಸಲ ರೀಸೆಟ್ ಹೊಡುದ್ರೆ ಸರೋಯ್ತದೆ, ಸಾ."

ರೀಸೆಟ್ ಅಂದರೆ ಮತ್ತೊಮ್ಮೆ ಆರಿಸಿ ಹಚ್ಚುವುದೆಂದೇ ನಾನು ತಿಳಿದಿದ್ದೆ. "ಮಾಡಪ್ಪ," ಎಂದೆ. ಆ ಧ್ವನಿ ಯಾರದೆಂದು, ಅದು ಬೇರೆಲ್ಲೂ ಇಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ತೆರೆ ಕಪ್ಪಾಗಿ, ಬೆಳಗಿ, ಯಾವ ಭಾಷೆ ಬೇಕೆಂದು ಕೇಳಿತು, ಅಂಗಡಿಯಿಂದ ಆಗತಾನೆ ತಂದಂತೆ. ಅವನು ಮತ್ತೆ ಎಂಟು ಬರೆದ. "ನೋಡಿ ಸಾ, ಉತ್ತರ ಉತ್ತರಕ್ಕೇ ಬಂತು!" ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದರು. "ಎಲ್ಲಿ, ಅವಳ ಮಾತು ಹಾಕು."

ಹುಡುಕಿದೆ. ಮಾತು ಇರುವ ಜಾಗವಿತ್ತು. ಅದರಲ್ಲಿ ಏನೂ ಇರಲಿಲ್ಲ. ಅತ್ತೆ ವಾಚು ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಮೆಕ್ಯಾನಿಕ್ಕನ ಕಡೆ ತಿರುಗಿ, "ಮಗಾ, ಕಾಫಿ ಕುಡ್ದು ಕೆಲ್ಸ ಹಿಡಿ," ಎಂದರು.

ಮಾರನೆಯ ದಿನ ಹಾಸನದ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯ ಹೆಣ್ಣುಮಗಳು ಸ್ಪೀಕರಿನ ತೂತುಗಳಿಂದ ಸಣ್ಣ ಬ್ರಶ್ಶಿನಲ್ಲಿ ಕಪ್ಪು ಪುಡಿ ತೆಗೆದು ಕಾಗದದ ಮೇಲೆ ಉದುರಿಸಿದಳು. ಅಯಸ್ಕಾಂತಕ್ಕೆ ಹತ್ತಿದ್ದ ಕಬ್ಬಿಣದ ಪುಡಿ. "ಸೌಂಡ್‌ಗೆ ಆಗಿದ್ದು ಇಷ್ಟೇ, ಸಾರ್," ಎಂದಳು. ಅಳಿಸಿಹೋದದ್ದನ್ನು ತರಿಸಲಾಗುವುದೇ ಎಂದು ಕೇಳಿದೆ. ಆಗುವುದಿಲ್ಲ ಎಂದಳು.

ಆ ಬೆಳಿಗ್ಗೆ ಅಲ್ಲಿದ್ದವರಲ್ಲಿ ಪಕ್ಕದ ಜಮೀನಿನ ಹಿರಿಯರು ಬೇಸಿಗೆಯಲ್ಲಿ ಹೋಗಿಬಿಟ್ಟರು. ಮೆಕ್ಯಾನಿಕ್ ಈಗ ಚನ್ನರಾಯಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾನೆ. ಸಿಕ್ಕಾಗ ವಾಚು ಸರಿಯಿದೆಯೇ ಎಂದು ಕೇಳುತ್ತಾನೆ, ಇದೆ ಎನ್ನುತ್ತೇನೆ. ಅತ್ತೆ ಇದ್ದಾರೆ; ಮಾತು ಹಾಕೆಂದು ಮತ್ತೆ ಕೇಳಿಲ್ಲ.